ಹೆಬ್ಬೆರಳಿನ ಬುಡದ ಕುಳಿ

ಆಸ್ಪತ್ರೆಯ ಮೂಳೆ ವಿಭಾಗದಲ್ಲಿ ಅವಳನ್ನು ಎಲ್ಲರೂ ಹಿಡಿಯಮ್ಮ ಎಂದು ಕರೆಯುತ್ತಿದ್ದರು. ಹೆತ್ತವರು ಇಟ್ಟ ಹೆಸರಲ್ಲ ಅದು. ಮುರಿದ ಕಾಲಿಗೆ ಪ್ಲಾಸ್ಟರ್ ಪಟ್ಟಿ ಸುತ್ತುವಾಗ ಡಾಕ್ಟರು ತಲೆ ಎತ್ತದೆ "ಹಿಡಿಯಮ್ಮಾ" ಅನ್ನುತ್ತಿದ್ದರು, ಅವಳು ಹಿಡಿಯುತ್ತಿದ್ದಳು. ಹದಿನೆಂಟು ವರ್ಷ ಅದೊಂದೇ ಮಾತು ಬಿದ್ದು ಬಿದ್ದು ಹೆಸರಾಗಿ ಅಂಟಿಕೊಂಡಿತು. ಹಾಜರಿ ಪುಸ್ತಕದಲ್ಲಿ ಬೇರೆ ಹೆಸರಿತ್ತು. ಅದನ್ನು ಓದಿದವರು ಕಡಿಮೆ.

ಹಿಡಿಯುವುದು ಸುಲಭದ ಕೆಲಸವಲ್ಲ. ಆಳೆತ್ತರದ ಗಂಡಸಿನ ಕಾಲನ್ನು ಹಿಮ್ಮಡಿಯಲ್ಲಿ ಎತ್ತಿ, ಹೇಳಿದಷ್ಟೇ ಎತ್ತರದಲ್ಲಿ, ಅಲ್ಲಾಡದೆ ನಿಲ್ಲಬೇಕು. ಒದ್ದೆ ಪಟ್ಟಿ ಗಟ್ಟಿಯಾಗುತ್ತ ಬಿಸಿಯಾಗುತ್ತದೆ. ಆ ಬಿಸಿ ಅಂಗೈಗೆ ಇಳಿಯುತ್ತದೆ. ತೋಳು ನಡುಗುತ್ತದೆ. ರೋಗಿ ನೋವಿಗೆ ಒದೆಯುತ್ತಾನೆ, ಉಗುರು ನಾಟಿಸುತ್ತಾನೆ, ಅವಳ ಹಿಂದಿನ ಮೂರು ತಲೆಮಾರನ್ನು ಬೀದಿಗೆ ಎಳೆಯುತ್ತಾನೆ. ಬಿಡುವ ಹಾಗಿಲ್ಲ. ಬೆವರು ಕಣ್ಣಿಗೆ ಇಳಿದರೂ ಒರೆಸಿಕೊಳ್ಳುವ ಹಾಗಿಲ್ಲ. ಕೈ ಕೂದಲೆಳೆಯಷ್ಟು ಸರಿದರೆ ಬೈಗುಳ ಅವಳಿಗೆ. ಮೂಳೆ ನೆಟ್ಟಗೆ ಕೂತರೆ ಹೆಸರು ಡಾಕ್ಟರಿಗೆ.

ಬುಧವಾರ ದೊಡ್ಡ ಡಾಕ್ಟರು ಪಟ್ಟಿ ಹಾಕುವ ಕೋಣೆಯಲ್ಲೇ ಪಾಠ ಮಾಡುತ್ತಿದ್ದರು. ಇಪ್ಪತ್ತೈದು ಹುಡುಗ ಹುಡುಗಿಯರು ಬಿಳಿ ಕೋಟು ಹಾಕಿಕೊಂಡು ಸುತ್ತ ನಿಲ್ಲುತ್ತಿದ್ದರು. ಪೆಟ್ಟಾದ ಕೈಯನ್ನು ಇಪ್ಪತ್ತೈದು ಜನ ಒತ್ತಿದರೆ ರೋಗಿ ಕಿರುಚುತ್ತಾನೆ. ಅದಕ್ಕೇ ಮೊದಲು ಹಿಡಿಯಮ್ಮನ ಕೈ. ಕೊಡು ಎಂದು ಕೇಳುವ ಪದ್ಧತಿ ಇರಲಿಲ್ಲ. ಮೇಜಿನ ಮೇಲಿನ ಕತ್ತರಿ ಎತ್ತಿಕೊಂಡ ಹಾಗೆ ಅವಳ ಮಣಿಕಟ್ಟು ಎಳೆದುಕೊಳ್ಳುತ್ತಿದ್ದರು. ಒಬ್ಬೊಬ್ಬರೂ ಬಂದು ಒತ್ತಿ ನೋಡುತ್ತಿದ್ದರು. ಪಾಠ ಮುಗಿದ ಮೇಲೆ ಅವರು ಸೋಪು ಹಾಕಿ ಕೈ ತೊಳೆದುಕೊಳ್ಳುತ್ತಿದ್ದರು. ಅವರೆಲ್ಲ ಹೋದ ಮೇಲೆ ಅವಳೂ ತೊಳೆದುಕೊಳ್ಳುತ್ತಿದ್ದಳು.

ಪಾಠ ಅವರಿಗಾಗಿ ಇತ್ತು. ಕಿವಿ ಅವಳಿಗೂ ಇತ್ತು.

ಮೂಗೇಟು ಮಾಂಸಕ್ಕೆ ಬಿದ್ದ ಪೆಟ್ಟು. ಒಳಗೆ ರಕ್ತ ಸೋರಿ ಚರ್ಮ ಕಂದುತ್ತದೆ, ನೀಲಿಗಟ್ಟುತ್ತದೆ, ಆಮೇಲೆ ಹಸಿರಾಗಿ, ಹಳದಿಯಾಗಿ ತಾನೇ ಮಾಯುತ್ತದೆ. ಉಳುಕು ಕೀಲಿನದು. ಮೂಳೆಗೆ ಮೂಳೆ ಕಟ್ಟಿದ ನಾರು ಜಗ್ಗಿರುತ್ತದೆ. ಕೀಲು ಊದುತ್ತದೆ, ತಿರುಗಿಸಿದರೆ ಜೀವ ಹೋಗುತ್ತದೆ. ಆದರೆ ಮೂಳೆಯ ಮೇಲೇ ಬೆರಳಿಟ್ಟು ಒತ್ತಿದರೆ ಅಷ್ಟು ನೋಯುವುದಿಲ್ಲ. ಮುರಿದದ್ದು ಹಾಗಲ್ಲ. ಒಂದು ಜಾಗ ಇರುತ್ತದೆ. ಅಲ್ಲಿ ಬೆರಳಿಟ್ಟರೆ ಸಾಕು, ಮೈಯೆಲ್ಲ ಕೂಗುತ್ತದೆ. ಕೈ ಸೊಟ್ಟಗಾಗಿದ್ದರೆ ಯಾರಿಗೂ ಕಾಣುತ್ತದೆ. ಸೊಟ್ಟಗಾಗದ ಮುರಿತವೇ ಮೋಸ ಮಾಡುವುದು. ಅದನ್ನು ಮುಟ್ಟಿಯೇ ಹೇಳಬೇಕು. "ಮುಟ್ಟದೆ ಹೇಳೋನು ಡಾಕ್ಟರಲ್ಲ, ಜ್ಯೋತಿಷಿ" ಎಂದು ದೊಡ್ಡ ಡಾಕ್ಟರು ಪ್ರತಿ ವರ್ಷ ಪಾಠದ ಅದೇ ಜಾಗದಲ್ಲಿ ಹೇಳುತ್ತಿದ್ದರು. ಹುಡುಗರು ಪ್ರತಿ ವರ್ಷ ಅದೇ ಜಾಗದಲ್ಲಿ ನಗುತ್ತಿದ್ದರು.

ದೊಡ್ಡ ಡಾಕ್ಟರು ಎಲ್ಲಕ್ಕಿಂತ ಹೆಚ್ಚು ಹೊತ್ತು ನಿಲ್ಲುತ್ತಿದ್ದದ್ದು ಹೆಬ್ಬೆರಳಿನ ಬುಡದಲ್ಲಿ. ಹೆಬ್ಬೆರಳನ್ನು ಹಿಂದಕ್ಕೆ ಚಾಚಿದರೆ ಮಣಿಕಟ್ಟಿನ ಪಕ್ಕ ಎರಡು ನರ ಎದ್ದು ನಿಲ್ಲುತ್ತವೆ. ನಡುವೆ ಒಂದು ಚಿಟಿಕೆ ಉಪ್ಪು ಹಿಡಿಯುವಷ್ಟು ಕುಳಿ. ಅದರ ತಳದಲ್ಲಿ ಗೋಡಂಬಿಯಷ್ಟು ಒಂದು ಮೂಳೆ. ಅಂಗೈ ಊರಿ ಬಿದ್ದವರಲ್ಲಿ ಅದು ಬಿರುಕು ಬಿಡುತ್ತದೆ. ಮೊದಲ ದಿನದ ಎಕ್ಸ್‌ರೇಯಲ್ಲಿ ಎಷ್ಟೋ ಸಲ ಕಾಣುವುದಿಲ್ಲ. "ಫಿಲ್ಮು ಚೆನ್ನಾಗಿದೆ ಅಂತ ಮನೆಗೆ ಕಳಿಸ್ಬೇಡಿ. ಕುಳಿ ಒತ್ತಿ. ನೋವಂದ್ರೆ ಮುರಿದಿದೆ ಅಂತಲೇ ತಿಳ್ಕೊಂಡು ಪಟ್ಟಿ ಹಾಕಿ. ಎರಡು ವಾರ ಬಿಟ್ಟು ಇನ್ನೊಂದು ಫಿಲ್ಮು ತೆಗೀರಿ" ಎನ್ನುತ್ತಿದ್ದರು. ಹಾಗೇ ಬಿಟ್ಟರೆ ರಕ್ತ ಹರಿಯದೆ ಅರ್ಧ ಮೂಳೆ ಸತ್ತುಹೋಗುತ್ತದೆ ಎನ್ನುತ್ತಿದ್ದರು. ಹದಿನೆಂಟು ವರ್ಷದಲ್ಲಿ ಎಷ್ಟು ಸಾವಿರ ಬೆರಳುಗಳು ಅವಳ ಆ ಕುಳಿಯನ್ನು ಒತ್ತಿದವೋ ಲೆಕ್ಕವಿಲ್ಲ. ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಅವಳು ಈ ಪಾಠ ಒಪ್ಪಿಸುತ್ತಿದ್ದಳು. ಯಾರೂ ಕೇಳಲಿಲ್ಲ.

ಅವಳ ನಾದಿನಿಯೂ ಅದೇ ಆಸ್ಪತ್ರೆಯಲ್ಲಿ ನೆಲ ಒರೆಸುತ್ತಿದ್ದಳು. ಹಿಡಿಯಮ್ಮನ ಗಂಡ ಸತ್ತ ಮೇಲೂ ಗಂಡನ ತಂಗಿ ಅತ್ತಿಗೆಯನ್ನು ಬಿಟ್ಟು ಹೋಗಿರಲಿಲ್ಲ. ಮದುವೆ ಆಗಲಿಲ್ಲ, ಆಗಬೇಕೆಂದು ಅತ್ತೂ ಇರಲಿಲ್ಲ. ಒಂದು ಕೋಣೆಯ ಮನೆ. ಒಲೆಯ ಪಕ್ಕ ಇಬ್ಬರ ಹಾಸಿಗೆ. ಏಳನೇ ಕ್ಲಾಸು ಓದಿದ್ದ ನಾದಿನಿಗೆ ನಾಲಿಗೆ ಚೂಪು. ಯಾರನ್ನಾದರೂ ಒಂದು ಮಾತಿನಲ್ಲಿ ಕೂರಿಸಿಬಿಡುತ್ತಿದ್ದಳು. ಆ ನಾಲಿಗೆ ಕಂಡರೆ ಕೆಲಸ ಮಾಡಿಸುವ ಮೇಸ್ತ್ರಿಗೆ ಆಗುತ್ತಿರಲಿಲ್ಲ.

ನೆಲ ಒರೆಸುವವರೆಲ್ಲ ಗುತ್ತಿಗೆಯವನ ಆಳುಗಳು. ಅವನನ್ನು ಯಾರೂ ನೋಡಿರಲಿಲ್ಲ. ನೋಡುತ್ತಿದ್ದದ್ದು ಮೇಸ್ತ್ರಿಯನ್ನು. ಒರೆಸುವವರು ಚಪ್ಪಲಿಯನ್ನು ಹಿಂದಿನ ಗೇಟಿನ ಹತ್ತಿರ ಬಿಟ್ಟು ಬರಬೇಕೆಂಬ ನಿಯಮ ಅವನದ್ದು. ತೊಳೆದ ನೆಲದ ಮೇಲೆ ಚಪ್ಪಲಿಯ ಗುರುತು ಬೀಳುತ್ತದಂತೆ. ಡಾಕ್ಟರ ಬೂಟು, ರೋಗಿಯ ನೆಂಟರ ಬೂಟು, ಮೇಸ್ತ್ರಿಯ ಬೂಟು ಅದೇ ನೆಲದ ಮೇಲೆ ಓಡಾಡುತ್ತಿದ್ದವು. ಸೋಪಿನ ನೀರಿನ ಮೇಲೆ ಬರಿಗಾಲಿನಲ್ಲಿ ನಿಲ್ಲುತ್ತಿದ್ದವರು ಅದನ್ನು ಸುರಿದವರು ಮಾತ್ರ.

ಒಂದು ದಿನ ಆಸ್ಪತ್ರೆಗೆ ತಪಾಸಣೆಯವರು ಬರುವವರಿದ್ದರು. ಬೆಳಿಗ್ಗೆ ಎಂಟಕ್ಕೆ ಮೂಳೆ ವಿಭಾಗದ ಉದ್ದನೆಯ ಓಣಿಗೆ ಸೋಪಿನ ನೀರು ಹೊಯ್ಯಿಸಿ, ಮೇಸ್ತ್ರಿ ಆ ತುದಿಯಲ್ಲಿ ನಿಂತು ಚಪ್ಪಾಳೆ ತಟ್ಟುತ್ತಿದ್ದ, ಬೇಗ ಬೇಗ ಎಂದು. ನಾದಿನಿ ತುಂಬಿದ ಬಕೆಟ್ಟು ಹಿಡಿದು ಓಡಿದಳು. ಕಾಲು ಜಾರಿತು. ಬಲಗೈ ಅಂಗೈ ಊರಿ ಮೈಭಾರವನ್ನೆಲ್ಲ ಅದರ ಮೇಲೆ ಹಾಕಿ ಬಿದ್ದಳು. ಬಕೆಟ್ಟು ಉರುಳಿ ನೀರು ಗೋಡೆಯವರೆಗೆ ಹರಿಯಿತು.

ಮೇಸ್ತ್ರಿ ಹತ್ತಿರ ಬಂದ. ನೀರು ನೋಡಿದ. "ಮೊದಲು ಇದನ್ನ ಬಳಿ" ಅಂದ.

ಬಳಿದಳು. ಎಡಗೈಯಲ್ಲಿ ಬಳಿದಳು. ಆಮೇಲೆ ಕೈ ತೋರಿಸಿದಳು. ಅಂಗೈಯ ಬುಡ ಕಂದಿತ್ತು. ಮಣಿಕಟ್ಟು ದಪ್ಪಗಾಗುತ್ತಿತ್ತು. ಮೂಗೇಟು, ಅಷ್ಟೇ, ಐಸಿನ ನೀರು ಹಾಕಿಕೊ ಎಂದು ಮೇಸ್ತ್ರಿ ಹೇಳಿಹೋದ.

ಹಿಡಿಯಮ್ಮನಿಗೆ ಸುದ್ದಿ ಸಿಕ್ಕಿದ್ದು ಊಟದ ಹೊತ್ತಿಗೆ. ಮೆಟ್ಟಿಲ ಕೆಳಗೆ ಪೊರಕೆ ಇಡುವ ಗೂಡಿನಲ್ಲಿ ನಾದಿನಿ ಕೈಯನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದಳು. ಅತ್ತಿಗೆ ಎದುರು ಕೂತು ಬೆರಳುಗಳನ್ನು ಆಡಿಸಿ ನೋಡಿದಳು. ಮುಂಗೈಯ ಎರಡು ಮೂಳೆಗಳ ಮೇಲೆ ಉದ್ದಕ್ಕೂ ಒತ್ತುತ್ತ ಬಂದಳು. ನಾದಿನಿ ಹಲ್ಲು ಕಚ್ಚಿಕೊಂಡಿದ್ದಳು, ಅಷ್ಟೇ. ಕೊನೆಗೆ ಹೆಬ್ಬೆರಳನ್ನು ಹಿಂದಕ್ಕೆ ಚಾಚಿಸಿ ಕುಳಿಯಲ್ಲಿ ಬೆರಳಿಟ್ಟಳು. ಒತ್ತಿರಲೇ ಇಲ್ಲ. ನಾದಿನಿಯ ಕಣ್ಣು ಮೇಲಕ್ಕೆ ಹೋಯಿತು, ತಲೆ ಗೋಡೆಗೆ ಬಡಿಯಿತು.

"ಮುರಿದಿದೆ ಕಣೇ" ಅಂದಳು ಅತ್ತಿಗೆ.

ತುರ್ತು ವಿಭಾಗಕ್ಕೆ ಕರೆದುಕೊಂಡು ಹೋದಳು. ಮೇಜಿನ ಹಿಂದೆ ಒಬ್ಬ ಚಿಕ್ಕ ಡಾಕ್ಟರ್ ಕೂತಿದ್ದ. ಫಿನಾಯಿಲ್ ವಾಸನೆಗೆ ಮೂಗಿನ ಮೇಲೆ ಮಾಸ್ಕು ಎಳೆದುಕೊಂಡ. ಕೂತಲ್ಲಿಂದಲೇ ಬೆರಳು ಆಡಿಸು ಅಂದ. ಆಡಿಸಿದಳು. ಆಡುತ್ತಿದೆಯಲ್ಲ, ಉಳುಕು ಎಂದು ಚೀಟಿ ಎಳೆದುಕೊಂಡ.

"ಒಂದ್ಸಲ ಮುಟ್ಟಿ ನೋಡಿ ಸರ್. ಹೆಬ್ಬೆರಳ ಬುಡದಲ್ಲಿ" ಅಂದಳು ಹಿಡಿಯಮ್ಮ.

ಅವನು ಪೆನ್ನು ನಿಲ್ಲಿಸಿದ. "ನೀನೇ ಬಂದು ಕೂತ್ಕೊ ಈ ಕುರ್ಚಿ ಮೇಲೆ."

ಎರಡು ವರ್ಷದ ಹಿಂದೆ ಬುಧವಾರದ ಪಾಠದಲ್ಲಿ ಅವಳ ಕುಳಿ ಒತ್ತಿ ಕಲಿತವನು ಅವನು. ಅವಳಿಗೆ ನೆನಪಿತ್ತು. ಅವನ ಬೆರಳು ತಣ್ಣಗಿದ್ದವು, ಉಗುರು ಕತ್ತರಿಸಿರಲಿಲ್ಲ. ಅವನಿಗೆ ಅವಳ ಮುಖ ನೆನಪಿರಲಿಲ್ಲ. ಮುಖವನ್ನು ಅವತ್ತು ನೋಡಿದ್ದರೆ ತಾನೆ.

ಹಿಡಿಯಮ್ಮ ಅಲ್ಲಿಂದ ಕದಲಲಿಲ್ಲ. ಹಿಂದೆ ಸಾಲು ಬೆಳೆಯಿತು. ಕೊನೆಗೆ ಪೀಡೆ ತೊಲಗಲಿ ಎಂದು ಎಕ್ಸ್‌ರೇಗೆ ಬರೆದುಕೊಟ್ಟ. ಫಿಲ್ಮು ಬಂತು. ಚೆನ್ನಾಗಿತ್ತು. ಎಲ್ಲೂ ಬಿರುಕಿಲ್ಲ. ಅವನು ಅದನ್ನು ಅವಳ ಮುಖದ ಮುಂದೆ ಆಡಿಸಿ, ಈಗ ಸಮಾಧಾನ ಆಯ್ತಾ ಅಂದ. ಹಚ್ಚಲು ಒಂದು ಮುಲಾಮು ಕೊಟ್ಟ. ದೊಡ್ಡ ಪುಸ್ತಕದಲ್ಲಿ 'ಉಳುಕು' ಎಂದು ಬರೆದ. ಎಲ್ಲಿ ಬಿದ್ದಳು ಎಂಬ ಕಡೆ ಏನೂ ಬರೆಯಲಿಲ್ಲ.

ಮನೆಯಲ್ಲಿ ಅತ್ತಿಗೆ ರಟ್ಟು ಕತ್ತರಿಸಿ, ಹಳೆ ಸೀರೆ ಹರಿದು, ಹೆಬ್ಬೆರಳು ಅಲ್ಲಾಡದ ಹಾಗೆ ಕಟ್ಟಿದಳು. ಮರುದಿನ ಮೇಸ್ತ್ರಿ ಅದನ್ನು ಬಿಚ್ಚಿಸಿದ. ತಪಾಸಣೆಯವರು ಇನ್ನೂ ಓಡಾಡುತ್ತಿದ್ದರು, ಪಟ್ಟಿ ಕಂಡರೆ ಏನಾಯ್ತು ಎಂದು ಕೇಳುತ್ತಾರೆ. ಫಿಲ್ಮಿನಲ್ಲೇ ಏನೂ ಇಲ್ಲ, ಇದೆಲ್ಲ ನಾಟಕ ಅಂದ. ಎರಡು ಕೈ ಇರುವವರು ಗೇಟಿನಲ್ಲಿ ಕೆಲಸಕ್ಕೆ ಕಾದು ನಿಂತಿದ್ದಾರೆ ಅಂದ. ನಾದಿನಿ ರಟ್ಟು ಬಿಚ್ಚಿ ಕಸದ ಬುಟ್ಟಿಗೆ ಹಾಕಿದಳು. ಆ ಬುಟ್ಟಿ ಖಾಲಿ ಮಾಡುವವಳೂ ಅವಳೇ.

ನೆಲ ಒರೆಸುವ ಬಟ್ಟೆ ಹಿಂಡುವುದಕ್ಕೆ ಎರಡು ಕೈ ಬೇಕು. ಒಂದು ಈ ಕಡೆ ತಿರುವಬೇಕು, ಇನ್ನೊಂದು ಆ ಕಡೆ. ತಿರುವುವ ಬಲವೆಲ್ಲ ಹೆಬ್ಬೆರಳಿನ ಬುಡದ್ದು. ದಿನಕ್ಕೆ ಇನ್ನೂರು ಸಲ ಹಿಂಡಬೇಕು. ಒಂದೊಂದು ಸಲವೂ ನೋವು ಮೊಣಕೈಯವರೆಗೆ ಹತ್ತುತ್ತಿತ್ತು. ಆಮೇಲೆ ಅವಳು ಬಟ್ಟೆಯ ಒಂದು ತುದಿಯನ್ನು ಪಾದದಡಿ ಒತ್ತಿ ಹಿಡಿದು ಎಡಗೈಯಲ್ಲಿ ತಿರುವುವುದು ಕಲಿತಳು. ಅದಕ್ಕೆ ಹೊತ್ತು ಹಿಡಿಯುತ್ತಿತ್ತು. ನಿಧಾನವಾಯಿತೆಂದು ಮೇಸ್ತ್ರಿ ಅವಳನ್ನು ಗಂಡಸರ ಕಕ್ಕಸಿಗೂ ಹಾಕಿದ. ಅಲ್ಲಿ ಬಕೆಟ್ಟು ದೊಡ್ಡದು.

ಹತ್ತು ದಿನಕ್ಕೆ ಕಂದಿದ್ದು ಹಸಿರಾಯಿತು, ಹಳದಿಯಾಯಿತು, ಮಾಯವಾಯಿತು. ಮೂರು ವಾರಕ್ಕೆ ಊತ ಇಳಿಯಿತು. ಕೈ ನೋಡುವುದಕ್ಕೆ ಮೊದಲಿನ ಹಾಗೇ ಆಯಿತು. ಅದೇ ಅವಳಿಗೆ ಮುಳುವಾಯಿತು. ಊತ ಎಲ್ಲಿ, ಕಂದಿದ್ದು ಎಲ್ಲಿ ಎಂದು ಮೇಸ್ತ್ರಿ ಎಲ್ಲರೆದುರು ಅವಳ ಕೈ ಎತ್ತಿ ತೋರಿಸಿ ನಗುತ್ತಿದ್ದ. ಕಾಣದ ನೋವು ಸುಳ್ಳು ನೋವಾಯಿತು.

ಹಿಡಿಯಮ್ಮ ಓಣಿಯಲ್ಲಿ ದೊಡ್ಡ ಡಾಕ್ಟರ ಹಿಂದೆ ಓಡಿದಳು. ಅವರು ನಡೆಯುತ್ತಲೇ, ಹೊರರೋಗಿ ವಿಭಾಗಕ್ಕೆ ಬರಲಿ, ದಾರಿಯಲ್ಲಿ ನೋಡೋಕಾಗುತ್ತಾ ಎಂದರು. ಮಾತು ನ್ಯಾಯವಾಗಿತ್ತು. ಹೊರರೋಗಿಗಳ ಚೀಟಿ ಕೊಡುವುದು ಒಂಬತ್ತರಿಂದ ಹನ್ನೆರಡು. ನಾದಿನಿಯ ಕೆಲಸ ಆರರಿಂದ ಎರಡು. ಒಂದು ಗಂಟೆ ಬಿಡು ಎಂದು ಕೇಳಿದರೆ, ಹೋಗು, ಹೋದವಳು ವಾಪಸ್ ಬರಬೇಡ ಎಂದು ಮೇಸ್ತ್ರಿ ಹೇಳಿದ. ಹೊರರೋಗಿ ವಿಭಾಗದ ನೆಲವನ್ನೂ ದಿನಾ ಅವಳೇ ಒರೆಸುತ್ತಿದ್ದಳು. ಸಾಲಿನಲ್ಲಿ ನಿಂತವರ ಕಾಲುಗಳ ನಡುವೆ ಬಟ್ಟೆ ಎಳೆಯುತ್ತ, ಡಾಕ್ಟರ ಬಾಗಿಲಿನವರೆಗೆ ಹೋಗಿ, ಹಿಂದಕ್ಕೆ ಸರಿಯುತ್ತ ಬರುತ್ತಿದ್ದಳು.

ಹೀಗೆ ಏಳು ವಾರ ಕಳೆಯಿತು.

ಏಳನೇ ವಾರದ ಒಂದು ಬೆಳಿಗ್ಗೆ ನಾದಿನಿಯ ಕೈಯಿಂದ ನೀರಿನ ಲೋಟ ಜಾರಿಬಿತ್ತು. ಪೂರ್ತಿ ತುಂಬಿದ ಲೋಟವೂ ಅಲ್ಲ. ಅವಳು ನೆಲದ ಮೇಲಿನ ನೀರನ್ನೇ ನೋಡುತ್ತ ಕೂತಳು. ಅತ್ತಿಗೆ ಒರೆಸಲು ಬಗ್ಗಿದಾಗ ಹೇಳಿದಳು: "ಅತ್ತಿಗೆ, ನಾನೇ ನಾಟಕ ಮಾಡ್ತಿದೀನೇನೋ ಅನ್ಸುತ್ತೆ. ಎಲ್ರೂ ಹೇಳ್ತಾರಲ್ಲ. ಕೈಯಲ್ಲಿ ನಿಜವಾಗ್ಲೂ ಏನೂ ಇಲ್ವೇನೋ."

ಹಿಡಿಯಮ್ಮನಿಗೆ ಅಷ್ಟು ದಿನ ಬಾರದ ಸಿಟ್ಟು ಆಗ ಬಂತು. ಮೂಳೆ ಮುರಿದದ್ದು ಒಂದು. ಸ್ವಂತ ಕೈಯ ನೋವನ್ನೇ ಅವಳು ನಂಬದ ಹಾಗೆ ಮಾಡಿದ್ದು ಇನ್ನೊಂದು. ಯಾರಿಗೂ ತಲೆಬಾಗದಿದ್ದ ಹೆಂಗಸು. ಅವಳ ನಾಲಿಗೆಯನ್ನೂ ಹಿಂಡಿ ಹಾಕಿದ್ದರು.

ಅವತ್ತು ಬುಧವಾರ.

ಹೊಸ ತಂಡ ಬಂದಿತ್ತು. ದೊಡ್ಡ ಡಾಕ್ಟರು ಮೂಗೇಟು, ಉಳುಕು, ಮುರಿತ ಎಂದು ಬೋರ್ಡಿನ ಮೇಲೆ ಬರೆದರು. ಜ್ಯೋತಿಷಿಯ ಮಾತು ಹೇಳಿದರು. ಹುಡುಗರು ನಕ್ಕರು. ಆಮೇಲೆ ತಿರುಗಿ ನೋಡದೆ ಪಕ್ಕಕ್ಕೆ ಕೈ ಚಾಚಿದರು. ಅವಳ ಮಣಿಕಟ್ಟು ಅಲ್ಲಿರಲಿಲ್ಲ. ಹಿಡಿಯಮ್ಮ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಿದ್ದಳು.

"ಕೈ" ಅಂದರು ಅವರು.

"ನನ್ನ ಕೈ ಬೇಡ ಸರ್. ಅದಕ್ಕೇನೂ ಆಗಿಲ್ಲ."

ಅವರಿಗೆ ಅರ್ಥವಾಗುವ ಮೊದಲೇ ಅವಳು ಬಾಗಿಲು ತೆರೆದಳು. ಹೊರಗೆ ನಾದಿನಿ ಮೊಣಕಾಲೂರಿ ಹೊಸ್ತಿಲು ಉಜ್ಜುತ್ತಿದ್ದಳು. ಅತ್ತಿಗೆ ರೆಟ್ಟೆ ಹಿಡಿದು ಎಬ್ಬಿಸಿದಳು. ಒಳಗೆ ಕರೆತಂದಳು. ಸೋಪಿನ ನೀರು ತೊಟ್ಟಿಕ್ಕುತ್ತಿದ್ದ ಆ ಬಲಗೈಯನ್ನು ತನ್ನ ಸೆರಗಿನಲ್ಲಿ ಒರೆಸಿ ಮೇಜಿನ ಮೇಲೆ ಇಟ್ಟಳು. ಎದುರು ನಿಂತಿದ್ದ ಒಬ್ಬ ಹುಡುಗಿಗೆ, ಒತ್ತಮ್ಮ, ಸರ್ ಹೇಳಿಕೊಟ್ಟ ಜಾಗದಲ್ಲಿ ಒತ್ತು ಅಂದಳು.

ಹುಡುಗಿ ದೊಡ್ಡ ಡಾಕ್ಟರ ಮುಖ ನೋಡಿದಳು. ಅವರು ಮೇಜಿನ ಮೇಲಿನ ಕೈಯನ್ನೇ ನೋಡುತ್ತಿದ್ದರು. ಹುಡುಗಿ ಒತ್ತಿದಳು. ನಾದಿನಿ ಕೂಗಲಿಲ್ಲ. ನಿಂತಲ್ಲೇ ಕುಸಿದಳು. ಹಿಡಿಯಮ್ಮ ಹಿಂದಿನಿಂದ ತಬ್ಬಿ ಹಿಡಿದಳು.

ಯಾವಾಗ ಬಿದ್ದದ್ದು ಎಂದು ದೊಡ್ಡ ಡಾಕ್ಟರು ಕೇಳಿದರು. ಏಳು ವಾರ. ಎಲ್ಲಿ? ಈ ಬಾಗಿಲಿನ ಆಚೆ. ಯಾರು ನೋಡಿದರು? ಯಾರೂ ನೋಡಲಿಲ್ಲ, ಫಿಲ್ಮು ಮಾತ್ರ ತೆಗೆದರು. ಅವರು ಆಗ ತಾವೇ ಅವಳ ಕೈ ಹಿಡಿದರು. ಹಗುರವಾಗಿಯೇ ಹಿಡಿದರು. ಆ ಕೈಗೆ ಅಷ್ಟು ಚೆನ್ನಾಗಿ ಹಿಡಿಯಲು ಬರುತ್ತದೆ ಎಂದು ನೋಡಿ ಹಿಡಿಯಮ್ಮನಿಗೆ ಇನ್ನೂ ಹೊಟ್ಟೆ ಉರಿಯಿತು.

ಹೊಸ ಫಿಲ್ಮು ಬಂತು. ಬೆಳಕಿನ ಪೆಟ್ಟಿಗೆಯ ಮೇಲೆ ಏರಿಸಿದರು. ಗೋಡಂಬಿಯಂಥ ಮೂಳೆ ನಡುವೆ ಎರಡಾಗಿತ್ತು. ಬಿರುಕಿನ ಅಂಚುಗಳು ಸವೆದು ದುಂಡಗಾಗಿದ್ದವು. ಒಂದು ಹೋಳು ಇನ್ನೊಂದಕ್ಕಿಂತ ಬಿಳುಪಾಗಿತ್ತು. ಅದು ಸಾಯುತ್ತಿರುವ ಹೋಳು. ದೊಡ್ಡ ಡಾಕ್ಟರ ಕಣ್ಣಿನಲ್ಲಿ ಒಂದು ಹೊಳಪು ಬಂತು.

"ಒಳ್ಳೆ ಕೇಸು" ಅಂದರು. "ಎಲ್ರೂ ಹತ್ರ ಬನ್ನಿ."

ಇಪ್ಪತ್ತೈದು ಜನ ಫಿಲ್ಮಿನ ಕಡೆ ನುಗ್ಗಿದರು. ನಾದಿನಿ ಗೋಡೆಗೆ ಒರಗಿ ನಿಂತಿದ್ದಳು. ಆ ನುಗ್ಗಾಟದಲ್ಲಿ ಯಾರೋ ಅವಳ ಬರಿಗಾಲು ತುಳಿದರು.

ಆಪರೇಷನ್ ಆಗಬೇಕು ಎಂದರು. ತಿರುಪು ಮೊಳೆ ಹಾಕಿ ಎರಡು ಹೋಳು ಕೂಡಿಸಬೇಕು. ಬೇಗ ಆಗಬೇಕು. ಆದರೆ ಅದಕ್ಕೆ ಮೊದಲು ಕಚೇರಿಗೆ ಬರಬೇಕೆಂದು ಕರೆ ಬಂತು. ಅಲ್ಲಿ ಆಡಳಿತದ ಅಧಿಕಾರಿ ಕುರ್ಚಿಯಲ್ಲಿದ್ದ, ಮೇಸ್ತ್ರಿ ಪಕ್ಕದಲ್ಲಿ ನಿಂತಿದ್ದ. ಇಬ್ಬರೂ ತುಂಬ ಮೆತ್ತಗೆ ಮಾತಾಡಿದರು. ನಾದಿನಿಗೆ ಅಮ್ಮಾ ಎಂದರು. ಒಂದು ಕಾಗದ ಮುಂದಿಟ್ಟರು. ಸಹಿ ಹಾಕಿದರೆ ನಾಳೆಯೇ ಆಪರೇಷನ್, ಮೇಲಿಂದ ಒಂದು ತಿಂಗಳು ರಜೆ. ಓದುವುದೇನೂ ಬೇಡ, ಸಾಮಾನ್ಯವಾಗಿ ಬರೆಯುವುದೇ ಬರೆದಿದೆ.

ನಾದಿನಿ ಓದಿದಳು. ಒಂದೊಂದೇ ಅಕ್ಷರಕ್ಕೆ ಬೆರಳಿಟ್ಟು, ಅವರಿಬ್ಬರನ್ನೂ ಕಾಯಿಸಿ ಓದಿದಳು. ತನ್ನ ಮನೆಯಲ್ಲಿ ಕೆಲಸ ಮಾಡುವಾಗ ಜಾರಿಬಿದ್ದು ಕೈಗೆ ಪೆಟ್ಟಾಯಿತು, ಯಾರ ತಪ್ಪೂ ಇಲ್ಲ ಎಂದು ಅದರಲ್ಲಿತ್ತು. ಅವಳು ಕಾಗದವನ್ನು ಹಿಂದಕ್ಕೆ ತಳ್ಳಿದಳು.

"ನಮ್ಮನೇಲಿ ಬೀಳೋಕೆ ಜಾಗ ಎಲ್ಲಿದೆ ಸರ್? ಇಬ್ರು ಮಲಗಿದ್ರೆ ಮಗ್ಗುಲು ಬದಲಾಯಿಸೋಕಾಗಲ್ಲ. ಬಿದ್ದೆ ಅಂದ್ರೆ ಗೋಡೆಗೆ ಒರಗಿ ನಿಂತಿರ್ತೀನಿ ಅಷ್ಟೇ. ಇಷ್ಟು ಉದ್ದ ಬೀಳೋಕೆ ನಿಮ್ಮ ಆಸ್ಪತ್ರೆಯೇ ಬೇಕು."

ಅಧಿಕಾರಿಯ ಮೆತ್ತಗಿನ ಮಾತು ಅಲ್ಲಿಗೆ ಮುಗಿಯಿತು. ಮೇಸ್ತ್ರಿ ಅಮ್ಮಾ ಅನ್ನುವುದನ್ನು ಬಿಟ್ಟು ಹಳೆಯ ಭಾಷೆಗೆ ಬಂದ. ಹಿಡಿಯಮ್ಮ ಬಾಗಿಲ ಬಳಿ ನಿಂತು ಕೇಳುತ್ತಿದ್ದಳು. ಅವಳಿಗೆ ನಗು ಬಂತು. ಏಳು ವಾರದ ಮೇಲೆ ನಾದಿನಿಯ ನಾಲಿಗೆ ವಾಪಸ್ ಬಂದಿತ್ತು.

ಅದರ ಬೆಲೆ ಅವತ್ತೇ ಕಟ್ಟಿದರು. ಕೈಲಾಗದವಳು ಎಂದು ನಾದಿನಿಯನ್ನು ಕೆಲಸದಿಂದ ತೆಗೆದರು. ಆಪರೇಷನ್ ತಾರೀಕು ಮುಂದೆ ಹೋಯಿತು, ಮತ್ತೆ ಮುಂದೆ ಹೋಯಿತು, ಆಮೇಲೆ ಯಾರೂ ತಾರೀಕು ಹೇಳಲಿಲ್ಲ. ಕುಳಿ ಒತ್ತಿದ ಹುಡುಗಿ ರೋಗಿಯ ಕಥೆ ಬರೆಯುವ ಹಾಳೆಯಲ್ಲಿ 'ಆಸ್ಪತ್ರೆಯ ಓಣಿಯಲ್ಲಿ, ಕೆಲಸದ ಹೊತ್ತಿನಲ್ಲಿ ಬಿದ್ದದ್ದು' ಎಂದು ಬರೆದಿದ್ದಳಂತೆ. ಆ ಹಾಳೆ ಸಿಗಲಿಲ್ಲ. ಹುಡುಗಿ ಎದುರಿಗೆ ಸಿಕ್ಕರೆ ಗೋಡೆ ನೋಡುತ್ತ ಹೋಗುತ್ತಿದ್ದಳು. ಪರೀಕ್ಷೆ ಹತ್ತಿರವಿತ್ತು.

ಎರಡು ಬಸ್ಸು ಬದಲಾಯಿಸಿ ಹೋಗಬೇಕಾದ ಇನ್ನೊಂದು ಆಸ್ಪತ್ರೆಯಲ್ಲಿ ನಾಲ್ಕು ತಿಂಗಳ ಮೇಲೆ ಆಪರೇಷನ್ ಆಯಿತು. ಅಲ್ಲಿಯ ಡಾಕ್ಟರು ಮೊದಲು ಕೇಳಿದ ಮಾತು, ಇಷ್ಟು ದಿನ ಏನು ಮಾಡುತ್ತಿದ್ದೆ ಎಂದು. ನೆಲ ಒರೆಸುತ್ತಿದ್ದೆ ಎಂದಳು ನಾದಿನಿ. ತಿರುಪು ಕೂತಿತು. ಸತ್ತ ಹೋಳು ಬದುಕಲಿಲ್ಲ. ಮಣಿಕಟ್ಟು ಅರ್ಧ ಮಡಚುತ್ತದೆ, ಅಲ್ಲಿಗೆ ನಿಲ್ಲುತ್ತದೆ. ಈಗ ಅವಳಿಗೆ ತಲೆ ಬಾಚಿ ಜಡೆ ಹಾಕುವವಳು ಅತ್ತಿಗೆ. ಒಂದು ಊಟದ ಮನೆಯಲ್ಲಿ ತರಕಾರಿ ಆರಿಸುವ ಕೆಲಸ ಸಿಕ್ಕಿತು. ಹೆಚ್ಚುವ ಕೆಲಸ ಕೊಡಲಿಲ್ಲ.

ಹಿಡಿಯಮ್ಮನನ್ನು ಮಾತ್ರ ತೆಗೆಯಲಿಲ್ಲ. ಅವಳ ಹಾಗೆ ಹಿಡಿಯುವವರು ಇನ್ನೂ ಸಿಕ್ಕಿರಲಿಲ್ಲ. ಅವಳು ರೋಗಿಗಳ ಕೈಕಾಲು ಮೊದಲಿನ ಹಾಗೇ ಹಿಡಿದಳು. ಪಾಠಕ್ಕೆ ತನ್ನ ಕೈ ಕೊಡಲಿಲ್ಲ. ಅವರೂ ಕೇಳಲಿಲ್ಲ. ಪ್ಲಾಸ್ಟಿಕ್ಕಿನ ಒಂದು ಕೈ ತರಿಸಿಕೊಂಡರು.

ಮುಂದಿನ ವರ್ಷ ಮತ್ತೆ ಹೊಸ ತಂಡ ಬಂತು. ಆ ಬುಧವಾರ ಪಟ್ಟಿ ಕೋಣೆಯ ಮೂಲೆಯಲ್ಲಿ ಒಬ್ಬ ಮುದುಕನ ಮುಂಗೈಗೆ ಚಿಕ್ಕ ಡಾಕ್ಟರ್ ಪಟ್ಟಿ ಸುತ್ತಿ ಹೋಗಿದ್ದ. ಒಣಗುವವರೆಗೆ ಹಿಡಿಯಮ್ಮ ಹಿಡಿದು ನಿಂತಿದ್ದಳು. ಈ ಕಡೆ ಪಾಠ ನಡೆಯುತ್ತಿತ್ತು. ದೊಡ್ಡ ಡಾಕ್ಟರು ಬೆಳಕಿನ ಪೆಟ್ಟಿಗೆಗೆ ಒಂದು ಫಿಲ್ಮು ಏರಿಸಿದರು. ಹಿಡಿಯಮ್ಮ ದೂರದಿಂದಲೇ ಗುರುತು ಹಿಡಿದಳು. ಎರಡು ಹೋಳು. ಒಂದು ಬಿಳುಪು.

"ಇದು ನಿರ್ಲಕ್ಷ್ಯದ ಕೇಸು" ಎಂದರು ದೊಡ್ಡ ಡಾಕ್ಟರು. "ರೋಗಿ ಬಂದದ್ದೇ ಏಳು ವಾರದ ಮೇಲೆ. ಈ ಜನ ಹಾಗೇ. ನೋವು ನುಂಗ್ಕೊಂಡು ಕೂತಿರ್ತಾರೆ, ಎಣ್ಣೆ ತಿಕ್ಕಿಸ್ಕೋತಾರೆ, ಎಲ್ಲ ಮುಗಿದ ಮೇಲೆ ಬರ್ತಾರೆ. ಬಂದಾಗ ನಾವ್ ಏನ್ ಮಾಡೋಕಾಗುತ್ತೆ?"

ಇಪ್ಪತ್ತೈದು ಪೆನ್ನುಗಳು ಬರೆದುಕೊಂಡವು.

ಹಿಡಿಯಮ್ಮನ ಕೈಯಲ್ಲಿ ಮುದುಕನ ಮುಂಗೈ ಇತ್ತು. ಪಟ್ಟಿ ಇನ್ನೂ ಮೆತ್ತಗಿತ್ತು. ಬಿಟ್ಟರೆ ಮೂಳೆ ಸರಿಯುತ್ತದೆ. ಅವಳು ಬಿಡಲಿಲ್ಲ. ಪಟ್ಟಿ ಬಿಸಿಯಾಗುತ್ತ ಬಂತು. ಬಿಸಿ ಅಂಗೈಯನ್ನು ಸುಟ್ಟಿತು. ಅವರು ಮಾತಾಡುತ್ತಲೇ ಇದ್ದರು, ಅವಳು ನಿಂತೇ ಇದ್ದಳು. ಉಗುರಿನಿಂದ ತಟ್ಟಿ ನೋಡಿದಳು, ಇನ್ನೂ ಆಗಿಲ್ಲ. ಮತ್ತೆ ತಟ್ಟಿದಳು. ಟಣ್ ಎಂದಿತು. ಮುದುಕನ ಕೈಯನ್ನು ದಿಂಬಿನ ಮೇಲೆ ಮೆಲ್ಲಗೆ ಇಟ್ಟು, ಅಲ್ಲಾಡಿಸಬೇಡಿ ತಾತ ಎಂದು ಹೇಳಿದಳು. ಆಮೇಲೆ ಬಿಳಿ ಕೋಟುಗಳ ನಡುವೆ ದಾರಿ ಮಾಡಿಕೊಂಡು ಮುಂದೆ ಬಂದಳು.

"ತಡವಾಗಿ ಬಂದದ್ದಲ್ಲ ಸರ್" ಅಂದಳು. "ಏಳು ವಾರ ಈ ಬಾಗಿಲಾಚೆಯೇ ಇದ್ದಳು. ನೀವು ಪಾಠ ಮಾಡೋವಾಗ ಹೊಸ್ತಿಲು ಉಜ್ಜುತ್ತಿದ್ದಳು. ದಾಟಿ ಬರ್ತಿದ್ದೋರು ನೀವು."

ಯಾರ ಪೆನ್ನೂ ಅಲ್ಲಾಡಲಿಲ್ಲ. ಅವಳು ಪೆಟ್ಟಿಗೆಯಿಂದ ಫಿಲ್ಮು ಎಳೆದಳು. ಅದರ ಜಾಗದಲ್ಲಿ ಬರೀ ಬಿಳಿ ಬೆಳಕು ಉಳಿಯಿತು. ಫಿಲ್ಮನ್ನು ಕಂಕುಳಲ್ಲಿ ಇಟ್ಟುಕೊಂಡು, ಓಣಿಯ ಉದ್ದಕ್ಕೂ ನಡೆದು, ರೋಗಿಗಳು ಬರುವ ಮುಂದಿನ ಬಾಗಿಲಿನಿಂದಲೇ ಹೊರಗೆ ಹೋದಳು.

ಸಂಜೆ ನಾದಿನಿ ಅದನ್ನು ಎಡಗೈಯಲ್ಲಿ ಹಿಡಿದು ಕಿಟಕಿಯ ಬೆಳಕಿಗೆ ಎತ್ತಿದಳು. ತನ್ನ ಮೂಳೆಯನ್ನು ಅವಳು ಸರಿಯಾಗಿ ನೋಡಿದ್ದು ಅದೇ ಮೊದಲು. ಪಾಠದ ದಿನ ಅವಳ ಮುಂದೆ ಇಪ್ಪತ್ತೈದು ಬೆನ್ನುಗಳಿದ್ದವು. ಯಾವುದು ಎಂದು ಕೇಳಿದಳು. ಅತ್ತಿಗೆ ತೋರಿಸಿದಳು.

"ಇಷ್ಟೇನಾ ಅತ್ತಿಗೆ? ಇದಕ್ಕಾ ಅಷ್ಟು ಜನ ಹೆದರ್ಕೊಂಡು ಕಾಗದಕ್ಕೆ ಸಹಿ ಹಾಕಿಸೋಕೆ ನೋಡಿದ್ದು?"

ಮೂರನೇ ದಿನ ನೋಟಿಸು ಬಂತು. ಆಸ್ಪತ್ರೆಯ ಸ್ವತ್ತನ್ನು ಕದ್ದೊಯ್ದಿರುತ್ತೀರಿ, ಕೂಡಲೇ ಹಿಂತಿರುಗಿಸತಕ್ಕದ್ದು. ನಾದಿನಿ ಅದನ್ನು ಗಟ್ಟಿಯಾಗಿ ಓದಿ ಹೇಳಿದಳು. ಹಿಡಿಯಮ್ಮ ಬರಿಗೈಯಲ್ಲಿ ಕಚೇರಿಗೆ ಹೋದಳು. ಅದೇ ಅಧಿಕಾರಿ, ಅದೇ ಕುರ್ಚಿ. ಫಿಲ್ಮು ಎಲ್ಲಿ ಎಂದು ಕೇಳಿದ. ಪೊಲೀಸರ ಮಾತೆತ್ತಿದ. ಕೊಟ್ಟುಬಿಟ್ಟರೆ ಕೆಲಸ ಉಳಿಯುತ್ತದೆ, ಹದಿನೆಂಟು ವರ್ಷದ ಕೆಲಸ ಎಂದ. ಅವನ ಲೆಕ್ಕ ಒಂದು ವರ್ಷ ತಪ್ಪಿತ್ತು. ಅವಳು ತಿದ್ದಲಿಲ್ಲ.

"ಕೊಡ್ತೀನಿ ಸರ್" ಅಂದಳು. "ಆ ಮೂಳೆ ಯಾರದು, ಯಾವ ನೆಲದ ಮೇಲೆ ಮುರೀತು, ಯಾವ ತಾರೀಕು, ಅಷ್ಟು ಬರೆದು ಸೀಲು ಹಾಕಿ ಕೊಡಿ. ಆ ಕಾಗದ ಈ ಕೈಗೆ ಬಂದ್ರೆ ಫಿಲ್ಮು ಆ ಕೈಯಿಂದ ಕೊಡ್ತೀನಿ."

ಅಧಿಕಾರಿ ಬರೆಯಲು ತೆರೆದಿದ್ದ ಪೆನ್ನಿಗೆ ಮುಚ್ಚಳ ಹಾಕಿದ.

ಈಗ ಪಟ್ಟಿ ಕೋಣೆಯಲ್ಲಿ ಬೇರೆ ಹೆಂಗಸು ಹಿಡಿಯುತ್ತಾಳೆ. ಹಿಡಿಯಮ್ಮ ನಾಲ್ಕು ಮನೆಗಳಲ್ಲಿ ಮಲಗಿದ ಮುದುಕರನ್ನು ಎತ್ತಿ ಕೂರಿಸುವ, ಮೈ ಒರೆಸುವ ಕೆಲಸ ಮಾಡುತ್ತಾಳೆ. ಆಸ್ಪತ್ರೆಯಿಂದ ಇನ್ನೂ ಎರಡು ನೋಟಿಸು ಬಂದವು. ಎರಡರಲ್ಲೂ ಅವಳ ಹೆಸರಿತ್ತು, ಫಿಲ್ಮಿನ ನಂಬರಿತ್ತು. ಅದರಲ್ಲಿರುವ ಕೈ ಯಾರದೆಂದು ಎರಡರಲ್ಲೂ ಇರಲಿಲ್ಲ.

ಅವರು ಇನ್ನೂ ಬರೆದುಕೊಟ್ಟಿಲ್ಲ. ಅವಳು ಇನ್ನೂ ಕೊಟ್ಟಿಲ್ಲ.